ಬಾಯೊಳಗಿನ ಬ್ರಹ್ಮಾಂಡ

ಬಹಳ ಹಿಂದೆ, ಅಂದರೆ ಮೂಗು ಮುಚ್ಚಿಕೊಳ್ಳುವುದು ಇನ್ನೂ ರಾಜದ್ರೋಹವಾಗಿರದ ಕಾಲದಲ್ಲಿ, ಮಿಂಚಾವತಿ ಎಂಬ ರಾಜ್ಯವಿತ್ತು. ಅದರ ದೊರೆ ಥಳಥಳ ಭೂಪಾಲನಿಗೆ ಹೊಳೆಯದ ವಸ್ತು ಕಂಡರೆ ತಲೆನೋವು. ಆದ್ದರಿಂದ ಅರಮನೆಯ ಗುಮ್ಮಟದಿಂದ ಹಿಡಿದು ಪ್ರಭುಗಳ ಹಲ್ಲುಕಡ್ಡಿಯವರೆಗೆ ಎಲ್ಲಕ್ಕೂ ಚಿನ್ನದ ಲೇಪ ನಡೆದಿತ್ತು. ಚಿನ್ನವನ್ನು ಪಾದರಸದಲ್ಲಿ ಅರೆದು ಬಳಿದು ಕುಲುಮೆಗೆ ಒಡ್ಡುತ್ತಿದ್ದರು. ಚಿನ್ನ ಅರಮನೆಗೆ ಅಂಟುತ್ತಿತ್ತು, ಪಾದರಸ ಹೊಗೆಯಾಗಿ ಎದ್ದು ಪೇಟೆಯ ದೂಳಿಗೆ ಇಳಿಯುತ್ತಿತ್ತು. ಅಭಿವೃದ್ಧಿಯಲ್ಲಿ ಪ್ರಜೆಗಳ ಪಾಲು ಎಂದರೆ ಅದೇ.

ಕುಲುಮೆ ಬೀದಿಯ ದ್ಯಾವಮ್ಮನ ಮಗಳು ಚೆಲುವಿಗೆ ಆಗ ಅಂಬೆಗಾಲಿಡುವ ವಯಸ್ಸು. ಆ ವಯಸ್ಸಿನವರಿಗೆ ಬೀದಿಯೇ ಬಟ್ಟಲು. ಅಂಗೈಗೆ ದೂಳು, ಅಂಗೈ ಬಾಯಿಗೆ. ಬರಬರುತ್ತಾ ಮಗುವಿನ ಒಸಡು ಊದಿತು, ಜೊಲ್ಲು ನಿಲ್ಲದಾಯಿತು, ಬೆರಳುಗಳು ಅರಳಿ ಎಲೆಯಂತೆ ನಡುಗತೊಡಗಿದವು. ದ್ಯಾವಮ್ಮ ದಿನವೂ ಅಂಗಳಕ್ಕೆ ನೀರು ಚಿಮುಕಿಸಿ ದೂಳು ಗುಡಿಸಿ ತೆಗೆಯುವಳು. ಸಂಜೆಗೆ ಗುಮ್ಮಟ ಇನ್ನಷ್ಟು ಹೊಳೆಯುವುದು, ಅಂಗಳ ಮತ್ತೆ ತುಂಬುವುದು. ಕಡೆಗೆ ಮಗುವನ್ನು ಕಂಕುಳಿಗೇರಿಸಿಕೊಂಡು ಆಸ್ಥಾನಕ್ಕೇ ನಡೆದಳು.

"ಬುದ್ಧೀ, ಆ ಕುಲುಮೆಗಳ್ನ ಊರಾಚೆಗೆ ಹಾಕ್ಸಿ. ಕೂಸು ಮಣ್ಣು ತಿಂತದೆ. ಒಸಿ ಬಾಯಿ ನೋಡಿ ನೀವೇ."

"ಮಣ್ಣು ತಿಂದಿತೇ!" ಮಂತ್ರಿ ತಥಾಸ್ತುರಾಯ ಪುಲಕಿತನಾದ. "ಮಣ್ಣು ತಿಂದ ಮಗುವಿನ ಬಾಯಲ್ಲಿ ಏನು ಕಾಣುತ್ತದೆಂದು ಪುರಾಣ ಬಲ್ಲ ಪ್ರಭುಗಳಿಗೆ ಹೇಳಬೇಕೆ?"

ದೊರೆ ಸಿಂಹಾಸನದಿಂದಿಳಿದು ಬಗ್ಗಿದ. ಕಂಡದ್ದು ಬಾತ ಒಸಡು, ಅಲುಗಾಡುವ ಎರಡು ಹಲ್ಲು.

"ನಮಗೇನೂ..."

"ಬ್ರಹ್ಮಾಂಡ ಕಾಣುವುದು ಪುಣ್ಯವಂತರಿಗೆ ಮಾತ್ರವಂತೆ," ಎಂದ ಮಂತ್ರಿ.

"...ನಮಗೇನೂ ಅಡ್ಡಿಯಿಲ್ಲದೆ ಕಾಣುತ್ತಿದೆ! ಅಗೋ ಸೂರ್ಯ!"

ರಾಜವೈದ್ಯ ನಾಡಿಭೂಷಣನೂ ಇಣುಕಿದ. ಅವನಿಗೆ ರೋಗ ಕಂಡಿತು. ಪಕ್ಕದಲ್ಲೇ ತನ್ನ ಹುದ್ದೆಯೂ ಕಂಡಿತು. "ಚಂದ್ರನೂ ಇದ್ದಾನೆ ಪ್ರಭು. ಸ್ವಲ್ಪ ಊದಿದ್ದಾನೆ."

"ಅದು ಒಸಡು ಕಣ್ ಸ್ವಾಮಿ! ಕೈ ನಡುಗೋದು ಕಾಣಕ್ಕಿಲ್ವಾ?"

"ತಾಂಡವ," ಎಂದ ವೈದ್ಯ, ಅವಳ ಮುಖ ನೋಡದೆ.

ಅಂದೇ ಪ್ರೆಸ್ ನೋಟ್ ಹೊರಟಿತು. ಪೇಟೆಯ ದೂಳು ಇನ್ನು ಮುಂದೆ 'ಮೃತ್ತಿಕಾ ಪ್ರಸಾದ'. ಪ್ರತಿ ಮಗುವಿಗೂ ಬೆಳಗ್ಗೆ ಒಂದು ಚಿಟಿಕೆ. ಗುಡಿಸುವುದು ಅಪರಾಧ, ನೀರು ಚಿಮುಕಿಸುವುದು ಕಲಬೆರಕೆ. ಪ್ರಸಾದಕ್ಕೆ ಕೊರತೆಯಾಗದಿರಲೆಂದು ಇನ್ನಷ್ಟು ಕುಲುಮೆಗಳಿಗೆ ಟೆಂಡರ್. ರಾಜಕುಮಾರರು ಮಾತ್ರ ತಮ್ಮ ಪಾಲಿನ ಚಿಟಿಕೆಯನ್ನು ಬಡವರಿಗಾಗಿ ತ್ಯಾಗಮಾಡಿ ಬೆಟ್ಟದ ಬಂಗಲೆಗೆ ತೆರಳಿದರು.

ಯೋಜನೆಯ ಬ್ರ್ಯಾಂಡ್ ರಾಯಭಾರಿಯಾಗಿ ಚೆಲುವಿಗೆ ಆಸ್ಥಾನದಲ್ಲಿ ಕಿರೀಟಧಾರಣೆಯಾಯಿತು. ಕಿರೀಟ ಕುಲುಮೆಯಿಂದ ಆಗಷ್ಟೇ ಬಂದಿತ್ತು. ಮಗುವಿನ ತಲೆ ನಡುಗಿ ಅದರ ಗೆಜ್ಜೆಗಳು ಗಲಗಲ ಎಂದವು.

"ಬ್ರಹ್ಮಾಂಡ ಕುಣಿಯುತ್ತಿದೆ!" ಎಂದು ಆಸ್ಥಾನವೆಲ್ಲ ಚಪ್ಪಾಳೆ ತಟ್ಟಿತು.

ದ್ಯಾವಮ್ಮ ಮೆಲ್ಲಗೆ ಬಗ್ಗಿ ಮಗಳ ಬಾಯಿಗೆ ಮೆತ್ತಿದ್ದ ಬೆಳಗಿನ ಚಿಟಿಕೆಯನ್ನು ಸೆರಗಿನಿಂದ ಒರೆಸಿದಳು.

"ಏಯ್ ಅಮ್ಮಾ!" ಕಾವಲುಗಾರ ಓಡಿಬಂದ. "ಸರ್ಕಾರಿ ಪ್ರಸಾದ ಅದು. ಸೆರಗಿಗೆ ಒರೆಸ್ಕಂಡ್ರೆ ಕಳ್ಳತನ ಆಯ್ತದೆ!"

ಅವನು ಸೆರಗಿನ ತುದಿಯನ್ನು ಕತ್ತರಿಸಿಕೊಂಡ. ಪಾಪ, ಪ್ರಾಮಾಣಿಕ ಮನುಷ್ಯ. ತನಗೆಂದು ಏನೂ ಇಟ್ಟುಕೊಳ್ಳಲಿಲ್ಲ. ಒಂದು ಕಣವೂ ಪೋಲಾಗದಂತೆ ಮಗುವಿನ ಬಾಯಿಗೇ ಕೊಡವಿದ.