ಮಾವನ ಅಧ್ಯಕ್ಷತೆಯಲ್ಲಿ ಲೂನ್ ಹಕ್ಕಿ

ಮಧುಗಿರಿಗೆ ಯಾವ ಸಂಬಂಧವೂ ಇಲ್ಲದ ವಿಷಯ ಏನಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ನಮ್ಮ ಸೋದರಮಾವನ ಕಿವಿಗೆ ಹಾಕಬೇಡಿ. ಹಾಕಿದಿರೋ, ಮುಂದಿನ ತಿಂಗಳೇ ಅದರ ಮೇಲೊಂದು ಉಪನ್ಯಾಸ ಇಡಿಸಿಬಿಡುತ್ತಾರೆ! ಕೇಳಲು ನೀವೂ ಬರಬೇಕಾಗುತ್ತದೆ.

ಮಾವ ನಮ್ಮೂರಿನ ಸೇವಾ ಕ್ಲಬ್ಬಿನ ಅಧ್ಯಕ್ಷರು. ನಾನು ಕಾರ್ಯದರ್ಶಿ, ಅಂದರೆ ಕುರ್ಚಿ ಹಾಕಿಸುವವನು. ಸೇವೆ ಏನು ಮಾಡುತ್ತೀರಿ ಎಂದು ಕೇಳುವ ಅಧಿಕಪ್ರಸಂಗಿಗಳೂ ಇದ್ದಾರೆ. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸುತ್ತೇವೆ, ವರ್ಷಕ್ಕೊಮ್ಮೆ ಗಿಡ ನೆಡುತ್ತೇವೆ, ಪ್ರತಿ ವರ್ಷವೂ ಅದೇ ಗುಂಡಿಯಲ್ಲಿ. ಉಳಿದಂತೆ ತಿಂಗಳಿಗೊಂದು ಸಭೆ. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ಉಪನ್ಯಾಸ, ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆ, ಬಿಸಿಬೇಳೆಬಾತು. ಸದಸ್ಯರು ಬರುವುದು ಕೊನೆಯದಕ್ಕೆ. ಮೊದಲಿನದೆಲ್ಲ ಅವರು ಕಟ್ಟುವ ತೆರಿಗೆ.

ಮಾವ ಮೊದಲು ಖಾಸಗಿ ಬಸ್ಸಿನ ಏಜೆಂಟರಾಗಿದ್ದವರು. ಬೆಳಗಿನಿಂದ ಸಂಜೆವರೆಗೆ ಬಸ್ ನಿಲ್ದಾಣದಲ್ಲಿ ನಿಂತು ಕೊರಟಗೆರೆ, ತುಮಕೂರು ಎಂದು ಕೂಗಿ ಕೂಗಿ ಪಳಗಿದ ಗಂಟಲು. ಅಂಥವರ ಕೈಗೆ ಮೈಕ್ ಕೊಟ್ಟರೆ ಕೇಳಬೇಕೆ? ಅತಿಥಿಗಳ ಭಾಷಣಕ್ಕಿಂತ ಅತಿಥಿಗಳ ಪರಿಚಯವೇ ಉದ್ದ. ಒಮ್ಮೆ ಶಿರಾದಿಂದ ಬಂದ ಮಹನೀಯರೊಬ್ಬರು, ತಮ್ಮ ಪರಿಚಯ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತೆಂದು, ಭಾಷಣ ಮಾಡದೆಯೇ, ಮೇಜಿನ ಮೇಲಿದ್ದ ಶಾಲನ್ನು ತಾವೇ ಹೊದ್ದುಕೊಂಡು ಓಡಿದರು. ಪಾಪ, ಹಣ್ಣಿನ ಬುಟ್ಟಿ ಮಾತ್ರ ಮರೆಯಲಿಲ್ಲ.

ಇನ್ನು ವಿಷಯಗಳೋ! ಮೇ ತಿಂಗಳ ಉರಿಬಿಸಿಲಿನಲ್ಲಿ ಹಿಮಕರಡಿಗಳ ಬಗ್ಗೆ ಕೇಳಿದೆವು. ಅದಾದ ಮೇಲೆ, ನಡುಸಮುದ್ರದಲ್ಲಿ ಹಡಗು ಮುಳುಗಿದರೆ ಏನು ಮಾಡಬೇಕು ಎಂದು ಕೇಳಿದೆವು. ತೋವಿನಕೆರೆಯ ಸದಸ್ಯರೊಬ್ಬರು ಅದನ್ನೆಲ್ಲ ಬರೆದುಕೊಂಡು ಹೋಗಿ ಈಗ ನಿಶ್ಚಿಂತೆಯಿಂದ ರಾಗಿ ಬೆಳೆಯುತ್ತಿದ್ದಾರೆ.

ಈ ಹುಚ್ಚಿಗೆ ಕಾರಣ ನಮಗೆಲ್ಲ ಗೊತ್ತಿತ್ತು, ಅದಕ್ಕೇ ಯಾರೂ ಗಟ್ಟಿಯಾಗಿ ಗೊಣಗುತ್ತಿರಲಿಲ್ಲ. ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ಸುಧಾರಿಸಿದವು. ಮಾತು ಮಾತ್ರ ಬರಲಿಲ್ಲ. ಮಾವನ ಬಾಯಿ ಮುಚ್ಚಿಸುವ ತಾಕತ್ತು ಈ ಭೂಮಿಯ ಮೇಲೆ ಇದ್ದದ್ದು ಅತ್ತೆಯೊಬ್ಬರಿಗೇ, ಈಗ ಅವರ ಬಾಯಿಯೇ ಮುಚ್ಚಿಹೋಯಿತು. ಅವರ ಎದುರಿಗೆ ಮಾತಾಡುತ್ತಾ ಇರಿ, ಎಂದಾದರೊಂದು ದಿನ ತಾವಾಗಿ ಮಾತಾಡಿಯಾರು ಎಂದರಂತೆ ಡಾಕ್ಟರು. ನಮ್ಮ ಮಾವನಿಗೆ ಇಂಥ ಔಷಧಿ ಬರೆದುಕೊಡುವುದೆ! ಮನೆಯಲ್ಲಿ ಶುರುಮಾಡಿದರು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಆಗ ಮಾವ ಕ್ಲಬ್ಬಿನ ಅಧ್ಯಕ್ಷಗಿರಿಗೆ ನಿಂತು, ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವಿರೋಧವಾಗಿ ಆಯ್ಕೆಯಾಗಿ, ಪ್ರತಿ ಸಭೆಗೂ ಅತ್ತೆಯನ್ನು ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸತೊಡಗಿದರು.

ಒಮ್ಮೆ ಕೇಳಿಯೇಬಿಟ್ಟೆ. ಸಕ್ಕರೆ ಕಾಯಿಲೆ, ರೇಷ್ಮೆ ಹುಳು, ಇಂಥದ್ದೇನಾದರೂ ಇಡಿಸಬಾರದೆ ಎಂದು.

"ಗೊತ್ತಿರೋದನ್ನ ಹೇಳಿದ್ರೆ ಸುಮ್ನೆ ಕೂತಿರ್ತಾಳೆ ಕಣ್ಲಾ," ಎಂದರು ಮಾವ. "ಗೊತ್ತಿಲ್ದೇ ಇರೋದು ಹೇಳಿದ್ರೆ, ಏನ್ರೀ ಅದು ಅಂತ ಒಂದ್ ಮಾತು ಕೇಳ್ತಾಳೇನೋ."

ನಾನು ಹೋಗಿ ಕುರ್ಚಿ ಹಾಕಿಸಿದೆ.

ಹೀಗೆ ನಮ್ಮ ಪಾಲಿಗೆ ಬಂದದ್ದು ಲೂನ್ ಹಕ್ಕಿ. ಅತಿಥಿಗಳು ತುಮಕೂರಿನ ನಿವೃತ್ತ ಅಧ್ಯಾಪಕರು, ಕೆನಡಾ ನೋಡಿಬಂದವರು, ಅಲ್ಲಿನ ಸರೋವರಗಳಲ್ಲಿ ಈ ನೀರುಹಕ್ಕಿಯನ್ನು ಕಂಡವರು. ಮಾವ ತಮ್ಮ ಪರಿಚಯ ಭಾಷಣದಲ್ಲಿ ಅವರನ್ನು ಹುಟ್ಟಿಸಿ, ಓದಿಸಿ, ಮದುವೆ ಮಾಡಿಸಿ, ವಿಮಾನ ಹತ್ತಿಸುವ ಹೊತ್ತಿಗೆ ಅಡುಗೆಯವನು ಎರಡು ಸಲ ಬಾಗಿಲಲ್ಲಿ ಇಣುಕಿದ. ಕೊನೆಗೂ ಅಧ್ಯಾಪಕರು ಗೋಡೆಯ ಮೇಲೆ ಚಿತ್ರ ತೋರಿಸಿದರು. ಕರಿ ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಬಿಳಿ ಚುಕ್ಕಿ. ನೀರಿನಲ್ಲಿ ಶೂರನಂತೆ. ಕಾಲು ತೀರಾ ಹಿಂದಕ್ಕಿರುವುದರಿಂದ ನೆಲದ ಮೇಲೆ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾರದಂತೆ. ಅಷ್ಟರಲ್ಲಿ ಕರೆಂಟು ಹೋಯಿತು. ಚಿತ್ರವೂ ಹೋಯಿತು, ಮೈಕೂ ಹೋಯಿತು.

ಪಾವಗಡದ ಸದಸ್ಯರೊಬ್ಬರು ಇದೇ ಸಮಯ ನೋಡಿ ಎದ್ದು ತಮ್ಮ ತೆಲುಗಿನಲ್ಲಿ ಕೇಳಿದರು. "ಅದಿ ಮನ ವೈಪು ರಾದು ಕದಾ ಸಾರ್?" ನಮ್ಮ ಕಡೆಗೆ ಅದು ಬರುವುದಿಲ್ಲ ತಾನೆ, ಎಂದು. ಬರುವುದಿಲ್ಲ ಎಂದು ಅಧ್ಯಾಪಕರು ಭರವಸೆ ಕೊಟ್ಟ ಮೇಲೆ ಸಭೆಗೆ ನೆಮ್ಮದಿಯಾಯಿತು.

ಕತ್ತಲಲ್ಲೇ ಅವರು ಮಾತು ಮುಂದುವರಿಸಿದರು. ಜೋಡಿಯಲ್ಲಿ ಒಂದು ದೂರವಾದರೆ ಇನ್ನೊಂದು ಕೂಗುತ್ತದಂತೆ. ಸರೋವರದ ಆಚೆ ದಡದಿಂದ ಅದು ಓಗೊಡುತ್ತದಂತೆ.

"ಓಗೊಡದಿದ್ರೆ?" ಮಾವ ಕೇಳಿದರು.

"ಮತ್ತೆ ಕೂಗುತ್ತೆ."

ಹೇಗೆ ಕೂಗುತ್ತದೆ ಎಂದು ತೋರಿಸಿ ಎಂದರೆ ಅಧ್ಯಾಪಕರು ನಾಚಿಕೊಂಡರು. ಗಂಟಲಿನೊಳಗೇ ಊ ಎಂದೇನೋ ಅಂದರು, ಎರಡನೇ ಸಾಲಿಗೂ ಕೇಳಿಸಲಿಲ್ಲ. ಬಸ್ ನಿಲ್ದಾಣದ ಮನುಷ್ಯನಿಗೆ ಇದನ್ನು ಸಹಿಸಲು ಸಾಧ್ಯವೆ? ಮಾವ ಎದ್ದು, ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದರು ನೋಡಿ! ಬೀದಿಯ ನಾಯಿಗಳು ಬೊಗಳತೊಡಗಿದವು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ಮತ್ತೆ ಕೂಗಿದರು. ಅಷ್ಟು ಹೊತ್ತಿಗೆ ಕರೆಂಟು ಬಂತು. ಪಂಚೆ ಅರ್ಧ ಮೇಲೆತ್ತಿ ಕಟ್ಟಿಕೊಂಡು, ಕತ್ತು ಉದ್ದ ಮಾಡಿಕೊಂಡು, ಮೂರನೇ ಕೂಗಿಗೆ ಉಸಿರೆಳೆದುಕೊಳ್ಳುತ್ತಿದ್ದ ನಮ್ಮ ಅಧ್ಯಕ್ಷರು ಎಲ್ಲರ ಕಣ್ಣಿಗೂ ಬಿದ್ದರು.

"ಕೂ... ಕೂತ್ಕಳ್ರೀ."

ದನಿ ಮುಂದಿನ ಸಾಲಿನಿಂದ ಬಂದಿತ್ತು. ಅತ್ತೆ ಮುಖ ಕೆಂಪಗೆ ಮಾಡಿಕೊಂಡು, ಸೊಟ್ಟ ತುಟಿಯನ್ನು ಕಷ್ಟಪಟ್ಟು ಅಲ್ಲಾಡಿಸುತ್ತಿದ್ದರು. "ಜನ... ನಗ್ತಾರೆ."

ಮಾವ ಎತ್ತಿದ ಕೈ ಎತ್ತಿದ ಹಾಗೇ ನಿಂತಿದ್ದರು. "ಇನ್ನೊಂದ್ಸಲ ಅನ್ನು," ಎಂದರು, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

"ಕೂತ್ಕಳ್ರಿ. ಮಾನ... ಹೋಯ್ತು."

ವಂದನಾರ್ಪಣೆ ನನ್ನದಿತ್ತು. ಎದ್ದು ನಿಂತೆ, ಅಳು ಬಂದು ಅತಿಥಿಗಳ ಹೆಸರೇ ನೆನಪಾಗಲಿಲ್ಲ. ಊಟಕ್ಕೆ ಏಳಿ ಎಂದು ಅಡುಗೆಯವನು ಬಂದು ಕರೆದರೂ ಒಬ್ಬರೂ ಏಳಲಿಲ್ಲ. ಮಾವ ವೇದಿಕೆಯ ಮೆಟ್ಟಿಲ ಮೇಲೆ, ಅತ್ತೆಯ ಕಾಲ ಬಳಿ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅತ್ತೆ ಅರ್ಧರ್ಧ ಮಾತಿನಲ್ಲಿ ಬೈಯುತ್ತಲೇ ಇದ್ದರು. ಮಾವ ಒಂದಕ್ಕೂ ಎದುರಾಡಲಿಲ್ಲ.