ಎರಡು ಬೆರಳೆತ್ತರದ ಆಸೆ

ಹೆಂಡತಿ: ಬಿಚ್ಚಿರೋದು ಒಂದೇ ಚಕ್ರ ತಾನೇ? ಅದನ್ನ ವಾಪಸ್ ಹಾಕ್ಸಿ. ಮನೆಗೆ ಹೋಗಿ ಮಾತಾಡೋಣ.

ಗಂಡ: ಮನೇಲಿ ಮಾತಾಡಿದ್ರೆ ನೀನು ಗೆಲ್ತೀಯ. ಅದಕ್ಕೇ ಇಲ್ಲಿಗೆ ಬಂದಿದ್ದು.

ಹೆಂಡತಿ: ತರಕಾರಿಗೆ ಹೋಗೋಣ ಬನ್ನಿ ಅಂತ ಹೊರಡಿಸಿ, ಟೈರ್ ಅಂಗಡಿಗೆ ತಂದು ನಿಲ್ಲಿಸೋದು ಗೆಲ್ಲೋ ದಾರೀನಾ?

ಗಂಡ: ತರಕಾರಿ ಎಲ್ಲಿಗೂ ಓಡಿ ಹೋಗಲ್ಲ ಕಣೆ.

ಹೆಂಡತಿ: ಟೈರೂ ಓಡಿ ಹೋಗಲ್ಲ. ನೀವು ಹಾಕ್ಸಿದ ಮೇಲಂತೂ ಆಫೀಸು ಬಿಟ್ಟು ಬೇರೆಲ್ಲಿಗೂ ಹೋಗಲ್ಲ.

ಟೈರ್ ಅಂಗಡಿಯ ಮುಂದಿನ ಶೆಡ್ಡು. ಇವರ ಸಂಸಾರದ ದೊಡ್ಡ ಕಾರು ಒಂದು ಚಕ್ರ ಕಳೆದುಕೊಂಡು ಜಾಕಿನ ಮೇಲೆ ನಿಂತಿದೆ. ಕೊಂಡಾಗಿನಿಂದ ಆ ಕಾರಿಗೆ ಮಣ್ಣು ತುಳಿಯುವ ಸಂದರ್ಭ ಬಂದದ್ದು ಒಂದೇ ಸಲ, ನೀರಿನ ಪೈಪು ಒಡೆದು ಮನೆಯ ಮುಂದಿನ ರಸ್ತೆ ಅಗೆದಾಗ. ಆವತ್ತೂ ಗಂಡ ಅದನ್ನು ಅಗೆತದ ಆಚೆಯೇ ನಿಲ್ಲಿಸಿ ಪ್ಯಾಂಟು ಮಡಚಿಕೊಂಡು ನಡೆದು ಬಂದಿದ್ದ. ಈಗ ಅದೇ ಕಾರಿಗೆ ಕಾಡುಮೇಡು ಹತ್ತುವ ದಪ್ಪ ಟೈರು ಬೇಕೆಂದು ಹಠ ಹಿಡಿದಿದ್ದಾನೆ. ಅವನ ಅಮ್ಮ ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಖಾಲಿ ತರಕಾರಿ ಚೀಲ ಹಿಡಿದು ಕೂತಿದ್ದಾರೆ. ಅಂಗಡಿಯವನು ಯಾರ ಮಾತಿಗೂ ಇಲ್ಲ ಎನ್ನದ ಮನುಷ್ಯ. ಅವನ ವ್ಯಾಪಾರ ಚೆನ್ನಾಗಿ ನಡೆಯುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅಂಗಡಿಯವನು: ಮೇಡಂ ಹೇಳೋದೂ ಸರಿ. ಸಾರ್ ಹೇಳೋದೂ ಸರಿ. ಟೈರ್ ಮಾತ್ರ ಫಸ್ಟ್ ಕ್ಲಾಸ್.

ಹೆಂಡತಿ: ನೀವೇ ಹೇಳಿ. ಇಷ್ಟು ದಪ್ಪ ಚಕ್ರ ಆ ಗೂಡಿನೊಳಗೆ ತಿರುಗುತ್ತಾ?

ಅಂಗಡಿಯವನು: ನೇರ ಹೋಗೋವಾಗ ಏನೂ ತೊಂದರೆ ಇಲ್ಲ ಮೇಡಂ. ಪೂರ್ತಿ ಸ್ಟೇರಿಂಗ್ ತಿರುಗಿಸಿದ್ರೆ ಸ್ವಲ್ಪ ಉಜ್ಜುತ್ತೆ.

ಹೆಂಡತಿ: ಕೇಳಿಸ್ಕೊಂಡ್ರಾ? ನೇರ ಹೋಗ್ಬೇಕಂತೆ. ಆಫೀಸಿಗೆ ಹೋಗೋ ದಾರೀಲಿರೋ ತಿರುವುಗಳನ್ನೆಲ್ಲ ಮೊದಲು ನೆಟ್ಟಗೆ ಮಾಡ್ಸಿ.

ಅಂಗಡಿಯವನು: ಅದಕ್ಕೂ ಒಂದಿದೆ ಮೇಡಂ. ಸ್ಪ್ರಿಂಗ್ ಕೆಳಗೆ ಒಂದು ದಪ್ಪ ಬಿಲ್ಲೆ ಕೊಡ್ತೀವಿ, ಟೈರು ಬಿಲ್ಲೆ ಎರಡೂ ಸೇರಿ ಗಾಡಿ ಎರಡು ಬೆರಳು ಮೇಲೇಳುತ್ತೆ.

ಗಂಡ: ನೋಡು. ಕೇಳಿದ್ದಕ್ಕೆಲ್ಲ ಉತ್ತರ ಇದೆ.

ಹೆಂಡತಿ: ತಾರು ರೋಡಲ್ಲಿ ಇದು ಗುಂಯ್ ಅಂತ ಶಬ್ದ ಮಾಡುತ್ತಂತಲ್ಲ?

ಅಂಗಡಿಯವನು: ಮಾಡುತ್ತೆ ಮೇಡಂ. ಸುಳ್ಳು ಹೇಳಲ್ಲ. ಅದಕ್ಕೂ ಒಂದಿದೆ, ದೊಡ್ಡ ಸ್ಪೀಕರು. ಹಾಡು ಹಾಕ್ಕೊಂಡ್ರೆ ಟೈರಿನ ಸದ್ದೇ ಗೊತ್ತಾಗಲ್ಲ.

ಹೆಂಡತಿ: ಹಿಂದೆ ಬರೋರ ಹಾರ್ನೂ ಗೊತ್ತಾಗಲ್ಲ.

ಗಂಡ: ಹಿಂದೆ ಬರೋರಿಗೆ ನಮ್ಮ ಟೈರ್ ಕಾಣುತ್ತಲ್ಲ, ಹಾರ್ನ್ ಯಾಕೆ ಹೊಡೀತಾರೆ?

ಅವನ ಮುಖ ಇಷ್ಟಗಲವಾಯಿತು. ಈ ಆಸೆ ಹುಟ್ಟಿದ್ದು ಕಾಡಿನಲ್ಲಲ್ಲ, ಆಫೀಸಿನ ಪಾರ್ಕಿಂಗಿನಲ್ಲಿ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೊಬ್ಬ ದಪ್ಪ ಟೈರಿನ ಗಾಡಿ ತಂದು ಇವನದರ ಪಕ್ಕದಲ್ಲೇ ನಿಲ್ಲಿಸಿದ. ಅಂದಿನಿಂದ ಇವನ ಕಣ್ಣಿಗೆ ತನ್ನ ಕಾರು ಅಣ್ಣನ ಹಳೇ ಚಪ್ಪಲಿ ಹಾಕಿಕೊಂಡ ತಮ್ಮನ ಹಾಗೆ ಕಾಣತೊಡಗಿತು. ಆಫೀಸಿನಲ್ಲಿ ಇಂಥ ದೊಡ್ಡ ಗಾಡಿಯವರದೊಂದು ಗುಂಪೂ ಇದೆ. ಕಳೆದ ಸಲ ಎಲ್ಲರೂ ಸಾಲಾಗಿ ಹೊರಟು, ಜಲ್ಲಿ ಹಾಸಿದ ಒಂದು ಹೋಟೆಲಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಫೋಟೋ ತೆಗೆಸಿಕೊಂಡು ಬಂದಿದ್ದರು. ಇದನ್ನೆಲ್ಲ ಹೆಂಡತಿಗೆ ಹೇಳುವಂತಿಲ್ಲ. ಹಾಗಾಗಿ ಅವನು ಬೇರೆ ಅಸ್ತ್ರ ಹೊರತೆಗೆದ.

ಗಂಡ: ನೀನು ಏನು ಬೇಕಾದ್ರೂ ಅಂದ್ಕೋ. ಇದನ್ನ ಹಾಕಿಸ್ತಿರೋದು ಅಮ್ಮನಿಗೋಸ್ಕರ.

ಅಮ್ಮ: ನನಗೋಸ್ಕರಾನಾ? ನಾನು ಟೊಮೇಟೊ ತಗೊಳ್ಳೋಣ ಅಂತ ಬಂದವಳು ಕಣೋ.

ಗಂಡ: ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋಗು ಅಂತ ನೀನು ಎಷ್ಟು ಸಲ ಕೇಳಿದ್ದೀಯ? ಆ ಗುಡ್ಡದ ದಾರೀಲಿ ಕಲ್ಲು, ಕಾರಿನ ಹೊಟ್ಟೆ ತಾಗುತ್ತೆ ಅಂತ ನಾನು ಎಷ್ಟು ಸಲ ಹೇಳಿದ್ದೀನಿ?

ಅಮ್ಮ: ಅಕ್ಕ ಹಾಸಿಗೆ ಹಿಡಿದಾಗಿಂದ ಕೇಳ್ತಾನೇ ಇದ್ದೀನಿ. ಫೋನಲ್ಲಿ ಅವಳ ದನಿ ದಿನದಿನಕ್ಕೆ ಸಣ್ಣಗಾಗ್ತಿದೆ. ಒಂದು ಸಲ ಅವಳ ಪಕ್ಕದಲ್ಲಿ ಕೂತು ಎದ್ದು ಬಂದ್ರೆ ಸಾಕು ನನಗೆ.

ಗಂಡ: ಅದಕ್ಕೇ ಈ ಟೈರು. ಇನ್ಮೇಲೆ ಎಂಥಾ ಕಲ್ಲಾದ್ರೂ ಹತ್ತುತ್ತೆ.

ಹೆಂಡತಿ: ಆ ದಾರೀಲಿ ದಿನಾ ಹಾಲಿನವನ ಸ್ಕೂಟರ್ ಹೋಗಿ ಬರುತ್ತೆ ರೀ. ಎರಡು ಕಡೆ ಕ್ಯಾನು ನೇತಾಕ್ಕೊಂಡು.

ಗಂಡ: ಅವನಿಗೆ ಅಭ್ಯಾಸ.

ಹೆಂಡತಿ: ಸರಿ, ಅತ್ತೆಗೋಸ್ಕರ ಅಂದ್ರಲ್ಲ. ಹಾಗಾದ್ರೆ ಮೊದಲು ಅತ್ತೆ ಒಳಗೆ ಹತ್ತಬೇಕು. ಈಗಲೇ ಅವರು ಬಾಗಿಲು ಹಿಡಿದು, ಸೀಟು ಹಿಡಿದು, ನನ್ನ ಭುಜ ಹಿಡಿದು ಹತ್ತುತ್ತಾರೆ. ಇದರ ಮೇಲೆ ದಪ್ಪ ಟೈರು, ಅದರ ಮೇಲೆ ಬಿಲ್ಲೆ. ಗಾಡಿ ಗುಡ್ಡ ಹತ್ತುತ್ತೆ, ಅತ್ತೆ ಗಾಡಿ ಹತ್ತಲ್ಲ. ಆಮೇಲೆ ಅವರನ್ನ ಮನೇಲೇ ಬಿಟ್ಟು ಹೋಗೋಕೆ ನಿಮಗೊಂದು ಹೊಸ ನೆಪ ಸಿಗುತ್ತೆ.

ಅಂಗಡಿಯವನು: ಅದಕ್ಕೂ ಒಂದಿದೆ ಮೇಡಂ. ಬಾಗಿಲ ಕೆಳಗೆ ಉದ್ದಕ್ಕೆ ಮೆಟ್ಟಿಲು ಹಾಕ್ತೀವಿ.

ಹೆಂಡತಿ: ಎಷ್ಟು ಕೆಳಗೆ ಬರುತ್ತೆ ಅದು?

ಅಂಗಡಿಯವನು: ಒಂದು ಗೇಣು.

ಹೆಂಡತಿ: ಎರಡು ಬೆರಳು ಮೇಲೆತ್ತೋದು, ಒಂದು ಗೇಣು ಕೆಳಗೆ ನೇತಾಕೋದು. ಮುಂಚೆ ಹೊಟ್ಟೆ ತಾಗ್ತಿತ್ತು, ಇನ್ಮೇಲೆ ಮೆಟ್ಟಿಲು ತಾಗುತ್ತೆ.

ಅಂಗಡಿಯವನು ಗಂಡನ ಮುಖ ನೋಡಿದ, ಗಂಡ ಟೈರಿನ ಮುಖ ನೋಡಿದ. ಟೈರಿಗೆ ಏನೂ ತೋಚಲಿಲ್ಲ.

ಹೆಂಡತಿ: ಇನ್ನೊಂದು ಬಾಕಿ ಇದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಬಾಗಿಲಲ್ಲಿ ಮೇಲುಗಡೆ ಅಡ್ಡ ಒಂದು ಕಬ್ಬಿಣದ ಕಂಬಿ ಇದೆಯಲ್ಲ, ಅದು ನೆನಪಿದೆಯಾ?

ಗಂಡ: ಇದೆ. ಏನೀಗ?

ಹೆಂಡತಿ: ಈಗ ಕಾರಿನ ತಲೆಗೂ ಆ ಕಂಬಿಗೂ ಮಧ್ಯೆ ಒಂದು ಬೆರಳು ಜಾಗ ಇದೆ. ಎರಡು ಬೆರಳು ಎತ್ತರ ಮಾಡಿದ ಮೇಲೆ ಒಳಗೆ ಹೇಗೆ ಹೋಗ್ತೀರಿ?

ಇದು ಗಂಡ ಯೋಚಿಸದ ವಿಷಯ. ರಾತ್ರಿಯೆಲ್ಲ ಮೊಬೈಲಿನಲ್ಲಿ ನದಿ ದಾಟುವುದು ಹೇಗೆ, ಮರಳಿನಿಂದ ಹೊರಬರುವುದು ಹೇಗೆ ಎಂದು ನೋಡಿದವನಿಗೆ ಸ್ವಂತ ಮನೆಯೊಳಗೆ ಹೋಗುವುದು ಹೇಗೆ ಎಂದು ಯಾರೂ ತೋರಿಸಿರಲಿಲ್ಲ.

ಗಂಡ: ಹೊರಗೆ ನಿಲ್ಲಿಸ್ತೀನಿ.

ಹೆಂಡತಿ: ನಿಲ್ಲಿಸಿ. ಬೆಳಿಗ್ಗೆ ಹೊತ್ತಿಗೆ ಪೊಲೀಸರ ಗಾಡಿ ಬಂದು ಎಳ್ಕೊಂಡು ಹೋಗಿರುತ್ತೆ.

ಗಂಡ: ರೀ, ಇದಕ್ಕೇನಾದ್ರೂ ಇದೆಯಾ?

ಅಂಗಡಿಯವನು: ಸಂಜೆ ಟೈರಿನ ಗಾಳಿ ಇಳಿಸಿ ಒಳಗೆ ಹೋಗಿ ಸಾರ್. ಬೆಳಿಗ್ಗೆ ಮತ್ತೆ ಹೊಡ್ಕೊಳ್ಳಿ. ಡಿಕ್ಕೀಲಿ ಇಟ್ಕೊಳ್ಳೋ ಪಂಪು ಇದೆ ನಮ್ಮ ಹತ್ರ.

ಹೆಂಡತಿ: ಮಾಡಿ. ದಿನಾ ಬೆಳಿಗ್ಗೆ ನಾಲ್ಕು ಟೈರಿಗೆ ಗಾಳಿ ಹೊಡೆದು, ಬೆವರು ಒರೆಸ್ಕೊಂಡು ಆಫೀಸಿಗೆ ಹೋಗಿ. ನಿಮಗೂ ವ್ಯಾಯಾಮ ಆಗುತ್ತೆ.

ಅಂಗಡಿಯವನಿಗೆ ವ್ಯಾಪಾರ ಕೈಜಾರುವ ವಾಸನೆ ಬಡಿಯಿತು. ಪಕ್ಕದಲ್ಲಿ ಅದೇ ಬಗೆಯ ಇನ್ನೊಂದು ಕಾರು ನಿಂತಿತ್ತು. ಅದಕ್ಕೆ ಆಗಲೇ ದಪ್ಪ ಟೈರು, ಬಿಲ್ಲೆ ಎಲ್ಲ ಹಾಕಿ ಆಗಿತ್ತು. ಮಾಲೀಕ ಕಾಫಿಗೆ ಹೋಗಿದ್ದ.

ಅಂಗಡಿಯವನು: ಅಮ್ಮಾ, ಒಂದು ಸಲ ಇದಕ್ಕೆ ಹತ್ತಿ ನೋಡಿ. ಆಮೇಲೆ ನಿಮಗೇ ಗೊತ್ತಾಗುತ್ತೆ ಎಷ್ಟು ಆರಾಮು ಅಂತ.

ಅಮ್ಮ ಚೀಲವನ್ನು ಸೊಸೆಯ ಕೈಗೆ ಕೊಟ್ಟು ಎದ್ದರು. ಒಂದು ಕಾಲು ಎತ್ತಿದರು. ಕಾಲು ಅರ್ಧ ದಾರಿಗೆ ಹೋಗಿ ವಾಪಸ್ ಬಂತು. ಮಗ ಹಿಂದಿನಿಂದ ದಬ್ಬಿದ. ಅಂಗಡಿಯವನು ಆಚೆ ಬಾಗಿಲಿನಿಂದ ತೂರಿ ಮುಂದಿನಿಂದ ಎಳೆದ.

ಅಮ್ಮ: ಮೆಲ್ಲಗೆ ಕಣ್ರಪ್ಪಾ, ನಾನೇನು ಬೀರುನಾ?

ಗಂಡ: ಇನ್ನೊಂಚೂರು ಅಮ್ಮ. ಹಾಂ, ಬಂತು.

ಹೆಂಡತಿ: ಹೀಗೆ ಹತ್ತಿಸೋಕೆ ದಿನಾ ಇಬ್ಬರು ಗಂಡಸರು ಬೇಕು. ಒಬ್ಬರು ನೀವು. ಇನ್ನೊಬ್ಬರನ್ನ ಇವರ ಅಂಗಡಿಯಿಂದಲೇ ಕರ್ಕೊಂಡು ಹೋಗೋದಾ?

ಅಂಗಡಿಯವನು: ಅದಕ್ಕೆ ಮೇಡಂ, ಮಡಚೋ ಮೆಟ್ಟಿಲು ಬಂದಿದೆ. ಬಾಗಿಲು ತೆಗೆದ್ರೆ ಇಳಿಯುತ್ತೆ, ಹಾಕಿದ್ರೆ ಒಳಗೆ ಹೋಗುತ್ತೆ. ಕಲ್ಲಿಗೂ ತಾಗಲ್ಲ, ಅಮ್ಮನಿಗೂ ಕಷ್ಟ ಇಲ್ಲ.

ಅಷ್ಟರಲ್ಲಿ ಅಮ್ಮ ಸೀಟಿನಲ್ಲಿ ಪೂರ್ತಿ ಕೂತರು. ಅವರು ಚೆನ್ನಾಗಿ ಉಂಡು ಬೆಳೆದ ಮೈಯವರು. ಸ್ಪ್ರಿಂಗು ಒಮ್ಮೆ ನಿಟ್ಟುಸಿರಿಟ್ಟಿತು, ಕಾರು ನಿಧಾನವಾಗಿ ತಗ್ಗಿತು. ಗಂಡ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಕಾರಿನ ತಲೆಯನ್ನು ಬೆರಳಿನಿಂದ ಅಳೆದ.

ಗಂಡ: ಇಳೀತು ಕಣೆ. ನೋಡು, ಅಮ್ಮ ಕೂತಿದ್ದೇ ಇಳೀತು.

ಹೆಂಡತಿ: ಅತ್ತೆ ಇಳಿದಿಲ್ವಲ್ಲ, ಇನ್ನೂ ಕೂತೇ ಇದ್ದಾರೆ.

ಗಂಡ: ಕಾರು ಇಳೀತು ಅಂದೆ. ಕಂಬಿ ವಿಷಯ ಮುಗೀತು. ಸಂಜೆ ಬೇಸ್‌ಮೆಂಟ್ ಬಾಗಿಲಿಗೆ ಬಂದು ಹಾರ್ನ್ ಹೊಡೀತೀನಿ. ನೀವಿಬ್ಬರೂ ಲಿಫ್ಟಲ್ಲಿ ಕೆಳಗೆ ಬಂದು ಗಾಡೀಲಿ ಕೂತ್ಕೊಳ್ಳಿ. ಗಾಡಿ ತಗ್ಗುತ್ತೆ, ಒಳಗೆ ಹೋಗುತ್ತೆ.

ಹೆಂಡತಿ: ಬೆಳಿಗ್ಗೆ ಹೊರಗೆ ತರೋಕೆ?

ಗಂಡ: ಅದೇ ಥರ. ಹೊರಗೆ ಬಂದ ಮೇಲೆ ಇಳಿದು ವಾಪಸ್ ಮೇಲೆ ಹೋಗಿ.

ಹೆಂಡತಿ: ಜನ ಗಾಡಿ ತಗೊಳ್ಳೋದು ಅದು ನಮ್ಮನ್ನ ಹೊರಲಿ ಅಂತ. ನಾವು ದಿನಕ್ಕೆರಡು ಸಲ ಅದನ್ನ ಒತ್ತಿ ಒಳಗೆ ಹಾಕೋಕೆ ಬರಬೇಕಾ?

ಅಂಗಡಿಯವನು: ಸಾರ್, ಮೇಡಂ ಒಬ್ಬರೇ ಬಂದ್ರೆ ಸಾಲಲ್ಲ. ಅಮ್ಮ ಬರಲೇಬೇಕು.

ಹೆಂಡತಿ: ನಾನು ತೂಕ ಕಮ್ಮಿ ಅಂತ ಹೇಳಿದ ಮೊದಲ ಮನುಷ್ಯ ನೀವು. ಬೇರೆ ಹೊತ್ತಲ್ಲಾಗಿದ್ರೆ ಖುಷಿ ಪಡ್ತಿದ್ದೆ. ಅತ್ತೆ, ಇಳೀರಿ. ಇವರ ತಲೆ ಪೂರ್ತಿ ಕೆಟ್ಟಿದೆ.

ಅಮ್ಮ ಇಳಿಯಲಿಲ್ಲ. ಸೀಟಿಗೆ ಒರಗಿ ಕೂತು ಅಂಗಡಿಯವನನ್ನು ಹತ್ತಿರ ಕರೆದರು.

ಅಮ್ಮ: ಏನಪ್ಪಾ, ನಾನು ಕೂತರೆ ಮಾತ್ರ ಗಾಡಿ ಒಳಗೆ ಹೋಗುತ್ತೆ ಅಂದೆಯಲ್ಲ, ಅದು ಖಂಡಿತಾನಾ?

ಅಂಗಡಿಯವನು: ನೂರಕ್ಕೆ ನೂರು ಅಮ್ಮಾ.

ಅಮ್ಮ: ನನ್ನ ಬದಲು ಒಂದು ಅಕ್ಕಿ ಮೂಟೆ ಇಟ್ರೆ?

ಅಂಗಡಿಯವನು: ನಿಮ್ಮ ಲೆಕ್ಕಕ್ಕೆ ಒಂದು ಮೂಟೆ ಸಾಲಲ್ಲ ಅಮ್ಮಾ. ದಿನಾ ಎತ್ತಿ ಇಳಿಸೋಕೆ ಸಾರ್ ಸೊಂಟ ಉಳಿಯಲ್ಲ.

ಅಮ್ಮ: ಹಾಗಾದ್ರೆ ಹಾಕಿಸು ಮಗ. ಬಿಲ್ಲೆ, ಮಡಚೋ ಮೆಟ್ಟಿಲು, ಎಲ್ಲಾ ಹಾಕಿಸು.

ಹೆಂಡತಿ: ಅತ್ತೆ, ನೀವೂನಾ?

ಅಮ್ಮ: ಸುಮ್ಮನಿರಮ್ಮ. ನನ್ನ ಮಗ ಇಷ್ಟು ಆಸೆಪಟ್ಟು ಯಾವಾಗ ಏನು ಕೇಳಿದ್ದ?

ಗಂಡನಿಗೆ ಕಣ್ಣು ತುಂಬಿ ಬಂತು. ಅಂಗಡಿಯವನು ಅವನ ಮನಸ್ಸು ಬದಲಾಗುವ ಮೊದಲೇ ಎರಡನೇ ಚಕ್ರಕ್ಕೆ ಸ್ಪ್ಯಾನರ್ ಹಾಕಿದ.

ಗಂಡ: ಅಮ್ಮ ಅಂದ್ರೆ ಅಮ್ಮ. ನೋಡು ಕಲ್ತ್ಕೋ.

ಅಮ್ಮ: ಈ ಭಾನುವಾರ ಅಕ್ಕನ ಮನೆಗೆ ಹೋಗೋಣ ಅಲ್ವೇನೋ?

ಗಂಡ: ಈ ಭಾನುವಾರ... ಅದು ಅಮ್ಮ, ಈ ಭಾನುವಾರ ನಮ್ಮ ಗುಂಪಿನವರೆಲ್ಲ ಹೊರಟಿದ್ದೀವಿ. ಬರೀ ಗಂಡಸರು. ಮುಂದಿನ ವಾರ ನೋಡೋಣ.

ಹೆಂಡತಿ: ಬಂತು ನೋಡಿ. ಅತ್ತೆಗೋಸ್ಕರ ಹಾಕಿಸಿದ ಟೈರಿಗೆ ಅತ್ತೆಯ ಸರದಿ ಮುಂದಿನ ವಾರವಂತೆ.

ಅಮ್ಮ: ಹೋಗ್ಬಾ. ಗಂಡಸರ ಜೊತೆ ನಾನ್ಯಾಕೆ?

ಗಂಡ: ನೀನು ಮನೇಲಿ ಆರಾಮಾಗಿರಮ್ಮ. ಸಂಜೆ ಬಾಗಿಲ ಹತ್ರ ಬಂದು ಫೋನ್ ಮಾಡ್ತೀನಿ. ಐದು ನಿಮಿಷ ಕೆಳಗೆ ಬಂದು ಕೂತ್ಕೊಂಡ್ರೆ ಸಾಕು.

ಅಮ್ಮ: ಫೋನ್ ಮಾಡು. ಆದರೆ ಭಾನುವಾರ ನಾನು ಮನೇಲಿರಲ್ಲ. ಅಕ್ಕನ ಮನೇಲಿರ್ತೀನಿ.

ಗಂಡ: ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ?

ಹೆಂಡತಿ: ನಾನು. ಬಾಡಿಗೆ ಕಾರು ತರಿಸ್ತೀನಿ. ಪುಟ್ಟದು. ಅತ್ತೆ ಆರಾಮಾಗಿ ಕೂರೋ ಅಂಥದ್ದು.

ಗಂಡ: ಆ ಕಲ್ಲಿನ ದಾರೀಲಿ ಬಾಡಿಗೆ ಕಾರಾ?

ಹೆಂಡತಿ: ಸ್ಕೂಟರ್ ಹೋಗುತ್ತಲ್ಲ ರೀ, ಅದರ ಹಿಂದೆ ಹೋಗ್ತೀವಿ.

ಗಂಡ: ಸಂಜೆಯೊಳಗೆ ವಾಪಸ್ ಬರ್ತೀರಲ್ಲ?

ಅಮ್ಮ: ನಾನು ಬರಲ್ಲಪ್ಪ. ಅಕ್ಕನ ಜೊತೆ ನಾಲ್ಕು ದಿನ ಇರ್ತೀನಿ.

ಗಂಡ: ನಾಲ್ಕು ದಿನಾನಾ? ಅಲ್ಲೀವರೆಗೆ ಗಾಡಿ ಒಳಗೆ ಹಾಕೋದು ಹೇಗೆ?

ಅಂಗಡಿಯವನ ಕೈಯ ಸ್ಪ್ಯಾನರ್ ನಿಂತಿತು. 

ಅಮ್ಮ: ದಿನಾ ಸಂಜೆ ಗುಡ್ಡ ಹತ್ತಿ ಬಾ, ನನ್ನ ಕೂರಿಸ್ಕೊಂಡು ಹೋಗಿ ಗಾಡಿ ಒಳಗೆ ಹಾಕು, ಬೆಳಿಗ್ಗೆ ಗಾಡಿ ಹೊರಗೆ ತೆಗೆದು ನನ್ನ ವಾಪಸ್ ಅಕ್ಕನ ಹತ್ರ ಬಿಡು. ಕಲ್ಲು ತಾಗುತ್ತೆ ಅನ್ನೋ ಭಯ ಹೇಗೂ ಇನ್ನಿಲ್ವಲ್ಲ.