ಅಟ್ಟದ ಹವಾಮಾನ

ಒಂದೇ ಪಾಠವನ್ನು ಇಪ್ಪತ್ತೆರಡು ವರ್ಷ ಹೇಳಿದರೆ, ಪಾಠದಲ್ಲಿರುವ ಪ್ರಪಂಚವನ್ನು ನಾವೇ ನಡೆಸುತ್ತಿದ್ದೇವೆಂಬ ಭ್ರಮೆ ಹುಟ್ಟುತ್ತದೆ. ನಾನು ತುಮಕೂರಿನ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ಒಂದು ಸೀಮೆಯ ಹವಾಮಾನವನ್ನು ನಿರ್ಧರಿಸುವ ಅಂಶಗಳು ಯಾವುವು ಎಂದು ಯಾರಾದರೂ ಕೇಳಿದರೆ ಸಾಕು, ಅಕ್ಷಾಂಶ, ಎತ್ತರ, ಸಮುದ್ರದ ದೂರ, ಗಾಳಿ, ಬೆಟ್ಟಸಾಲು ಎಂದು ಬೆರಳು ಮಡಚುತ್ತೇನೆ. ಮೋಡ ಕವಿದಾಗ ಹೆಂಡತಿ ಗಿರಿಜ ಒಣಹಾಕಿದ ಬಟ್ಟೆ ತೆಗೆಯಲು ಓಡಿದರೆ, "ಇದು ಮಳೆನೆರಳಿನ ಪ್ರದೇಶ ಕಣೇ, ಘಟ್ಟ ದಾಟಿ ಬರೋಷ್ಟರಲ್ಲಿ ಮೋಡ ಖಾಲಿಯಾಗಿರುತ್ತೆ" ಎಂದು ತಡೆಯುತ್ತೇನೆ. ಆಮೇಲೆ ಬಟ್ಟೆ ನೆನೆಯುವುದು ಬೇರೆ ವಿಷಯ.

ಹೋದ ವರ್ಷ ಮಗಳು ಚೈತ್ರಳಿಗೆ ಕುಣಿಗಲ್ ಕಡೆಯ ಸಂಬಂಧ ಕುದುರಿ, ಮದುವೆ ವರ್ಷ ಬಿಟ್ಟು ಎಂದು ನಿಶ್ಚಯವಾಯಿತು. ಹುಡುಗಿ ಗಂಡನ ಮನೆಗೆ ಹೊರಡುವಾಗ ಅವಳ ಮಡಿಲಿಗೆ ಅಜ್ಜಿಯ ತೋಟದ ಉಂಡೆ ಕೊಬ್ಬರಿಯನ್ನೇ ತುಂಬಬೇಕೆಂಬುದು ಗಿರಿಜಳ ತವರಿನ ಪದ್ಧತಿ. ಬಲಿತ ಕಾಯಿಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷ ಕಾದರೆ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಉಂಡೆಯಾಗಿ ಕೂರುತ್ತದೆ. ಆದರೆ ಗುಬ್ಬಿಯಲ್ಲಿ ನಮ್ಮ ಅತ್ತೆ ಆಗಷ್ಟೇ ಮನೆಗೆ ಕಾಂಕ್ರೀಟ್ ಮೋಲ್ಡ್ ಹಾಕಿಸಲು ಹಳೆಯ ಅಟ್ಟ ಬಿಚ್ಚಿಸಿದ್ದರು. ಕಾಯಿ ಎಲ್ಲಿಡುವುದು ಎಂಬ ಚಿಂತೆ ಹತ್ತಿತು.

ಮೇಷ್ಟ್ರು ಸುಮ್ಮನಿರುತ್ತಾನೆಯೇ? "ನಮ್ಮನೇಗೆ ಕಳಿಸಿ ಅತ್ತೆ. ಕರಾವಳಿಯೋರಿಗೆ ಉಂಡೆ ಕೊಬ್ಬರಿ ಯಾಕೆ ಸರಿಯಾಗಿ ಆಗಲ್ಲ ಹೇಳಿ? ಗಾಳೀಲಿ ತೇವ. ನಮಗೆ ಸಮುದ್ರ ದೂರ. ಗುಬ್ಬಿಗೂ ತುಮಕೂರಿಗೂ ಅದೇ ಎತ್ತರ, ಅದೇ ಗಾಳಿ" ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅತ್ತೆ ಕೇಳಿಸಿಕೊಂಡು, "ಆಯ್ತು ಬುಡಿ" ಎಂದರು. ಲಗೇಜ್ ಆಟೋದಲ್ಲಿ ಕಾಯಿ ಬಂದವು.

ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಅಟ್ಟ ಎನ್ನಬಹುದಾದದ್ದು ಒಂದೇ, ಅದೂ ಬಚ್ಚಲಮನೆಯ ಮೇಲಿನದು. "ರೀ, ಅಲ್ಲಿ ಬೆಂಕಿಪೊಟ್ಟಣ ಇಟ್ರೂ ಕಡ್ಡಿ ಹತ್ತಲ್ಲ" ಎಂದಳು ಗಿರಿಜ. ಬೆಂಕಿಪೊಟ್ಟಣ ಸಿಲಬಸ್‌ನಲ್ಲಿಲ್ಲ ಎಂದು ಹೇಳಿ ನಾನೇ ಸ್ಟೂಲು ಹತ್ತಿ ಜೋಡಿಸಿದೆ. ಮನೆಗೆ ಬಂದ ನೆಂಟರಿಗೆಲ್ಲ ಆ ಅಟ್ಟ ತೋರಿಸಿ, ನಮ್ಮ ಸೀಮೆಯ ಒಣಹವೆಯ ಗುಣಗಾನ ಮಾಡಿದೆ. ಪಾಪ, ಕೆಲವರು ಬಚ್ಚಲಿಗೆ ಅವಸರದಲ್ಲಿ ಬಂದಿದ್ದರು.

ಮದುವೆಗೆ ಹದಿನೈದು ದಿನವಿರುವಾಗ ಅತ್ತೆ ಕಾಯಿ ಸುಲಿಸಲು ಬಂದರು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದೆ. ಒಣಗಿದ ಕೊಬ್ಬರಿ ಒಳಗೆ ಲೊಟಲೊಟ ಎನ್ನಬೇಕಿತ್ತು. ಏನೂ ಎನ್ನಲಿಲ್ಲ. ಒಡೆದಾಗ ಬಂದ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಇನ್ನೊಂದು ಮೊಳಕೆ ಬಿಟ್ಟಿತ್ತು. ಉಳಿದವೂ ಅದೇ ಜಾತಿ. ಚೈತ್ರ, "ಅಪ್ಪಾ, ಹಂಗಾದ್ರೆ ಅಜ್ಜಿ ತೋಟದ್ದು ಇಲ್ದೇನೆ ಹೋಗ್ಬೇಕಾ ನಾನು?" ಎಂದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅತ್ತೆ ಬಚ್ಚಲಿನ ಗೋಡೆ ಮುಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಸಮುದ್ರ ದೂರ ಅಂದ್ರಲ್ಲ ಅಳಿಮಯ್ಯ? ದಿನಾ ಮೂರು ಜನ ಬಿಸ್ನೀರು ಉಯ್ಕೊಳ್ಳೋ ಜಾಗದ ಮ್ಯಾಲೆ ಮಡಗಿದೀರಿ. ಸಮುದ್ರ ಇಲ್ಲೇ ಕೆಳಗೇ ಐತಲ್ಲ."

ನಾನು ತಲೆ ತಗ್ಗಿಸಿ, ಅಂಗಡಿಯಿಂದಲಾದರೂ ತರುತ್ತೇನೆ ಎಂದೆ.

"ಅಂಗಡೀದು ಯಾಕೆ? ಗುಬ್ಬೀಲಿ ನಮ್ಮ ಪಕ್ಕದ ಮನೆ ಅಟ್ಟದ ಮ್ಯಾಲೆ ನಮ್ಮ ತೋಟದ್ದೇ ಒಂದಷ್ಟು ಕಾಯಿ ಹಾಕ್ಸಿವ್ನಿ. ಮೊನ್ನೆ ಅಲ್ಲಾಡ್ಸಿ ನೋಡ್ದೆ, ಚೆನ್ನಾಗಿ ಆಗವೆ."

"ಯಾವಾಗ ಹಾಕಿಸಿದ್ರಿ ಅತ್ತೆ?"

"ಆವತ್ತೇ. ನೀವು ಅಷ್ಟುದ್ದ ವಿವರ್ಸಿ ಹೇಳಿದ್ರಲ್ಲ, ಆಗ್ಲೇ ನಂಗೆ ಭಯ ಆಯ್ತು."

ಚೈತ್ರ ಕಣ್ಣೊರೆಸಿಕೊಂಡು ನಗತೊಡಗಿದಳು. ನನಗೆ ಅವಮಾನಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಇಷ್ಟು ವರ್ಷ ಹವಾಮಾನದ ಪಾಠ ಹೇಳಿದ್ದೇನೆ. ಇಡೀ ವರ್ಷ ಮೊದಲೇ, ಇಷ್ಟು ಕರಾರುವಾಕ್ಕಾದ ಮುನ್ಸೂಚನೆಯನ್ನು ನಾನು ಕಂಡಿದ್ದು ಅದೊಂದೇ ಸಲ. ಅದೂ ನನ್ನ ಬಗ್ಗೆ.